ಅರ್ಧ ಇಂಚು

ಮಾರ್ಚ್ ೯, ಭಾನುವಾರ

ಟೇಲರಮ್ಮನಿಗೆ,

ಗಂಡನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ನೀನು ಮನೆ ಬಿಟ್ಟು ನಿಮ್ಮಕ್ಕನ ಬೀದಿಯಲ್ಲಿ ಅಂಗಡಿ ಇಟ್ಟು ಎರಡು ವರ್ಷವಾಯಿತು. ಇಷ್ಟು ದಿನ ಬರೆಯದವನು ಇವತ್ತು ಬರೆಯುತ್ತಿರುವುದು ಜಂಬ ಕೊಚ್ಚಿಕೊಳ್ಳಲು: ಬೆಳಿಗ್ಗೆ ನನ್ನ ಶೂ ಲೇಸನ್ನು ನಾನೇ ಬಗ್ಗಿ ಕಟ್ಟಿಕೊಂಡೆ. ನಗಬೇಡ. ನಾಲ್ಕು ತಿಂಗಳು ಚಪ್ಪಲಿಯಲ್ಲೇ ಕಾಲೆಳೆದವನಿಗೆ ಅದೇನು ಸಣ್ಣ ವಿಷಯವಲ್ಲ.

ಸಯಾಟಿಕಾ ಅಂತೆ. ಸೊಂಟದಿಂದ ಕಾಲಿಗೆ ಇಳಿಯುವ ನರ ಬಲಗಡೆ ಮುನಿಸಿಕೊಂಡಿತ್ತು. ಬ್ರೇಕ್ ತುಳಿದರೆ ಸಾಕು, ತೊಡೆಯಿಂದ ಹಿಮ್ಮಡಿವರೆಗೆ ಉರಿ. ಬಸ್ ತುಂಬ ಜನರನ್ನು ಕೂರಿಸಿಕೊಂಡು ಅಂಥ ಕಾಲಲ್ಲಿ ಓಡಿಸುವುದು ತಪ್ಪೆನಿಸಿ ನಾನೇ ಕೆಳಗಿಳಿದೆ. ಡಿಪೋ ಮ್ಯಾನೇಜರ್ ಒಳ್ಳೆಯವರು. ಆಫೀಸಲ್ಲಿ ಕೂತು ಟೈಮ್ ಬರ್ಕೊಳ್ಳಿ, ಆರಾಮಾಗಿರಿ ಅಂದರು. ನಾನು ಒಪ್ಪಲಿಲ್ಲ. ಹಾಗಾದ್ರೆ ಮಾರ್ಚ್ ಹತ್ತರೊಳಗೆ ಫಿಟ್ ಇದೀರಿ ಅಂತ ಡಾಕ್ಟರ ಚೀಟಿ ತನ್ನಿ, ಇಲ್ಲಾಂದ್ರೆ ಸ್ಟೇರಿಂಗ್ ಮರೆತುಬಿಡಿ ಅಂತ ಗಡುವು ಕೊಟ್ಟರು.

ದೊಡ್ಡಾಸ್ಪತ್ರೆಯವರು ಸ್ಕ್ಯಾನ್ ನೋಡಿ, ಆಪರೇಷನ್ ಬೇಡವೆಂದು ಕೈರೋಪ್ರ್ಯಾಕ್ಟರ್ ಹತ್ತಿರ ಕಳಿಸಿದರು. ಬೆನ್ನಿನ ಕೀಲುಗಳನ್ನು ಕೈಯಿಂದಲೇ ಒತ್ತಿ ಸಡಿಲಿಸುವವರು. ನೋಡಿದರೆ ಕಡ್ಡಿಯಂಥ ಹೆಂಗಸು. ಇವರ ಕೈಲಿ ಏನಾದೀತು ಅಂದುಕೊಂಡೇ ಮಲಗಿದೆ. ಪಕ್ಕಕ್ಕೆ ಹೊರಳಿಸಿ, ಮೊಣಕಾಲು ಮಡಿಸಿ, ಉಸಿರು ಬಿಡಿ ಎಂದು ಒಂದೇ ಸಲ ಒತ್ತಿದರು ನೋಡು, ಹತ್ತು ಬೆರಳಿನ ನೆಟಿಕೆ ಒಟ್ಟಿಗೆ ಮುರಿದಂತೆ ಸದ್ದು! ಹೊರಗೆ ಸರದಿಗೆ ಕೂತಿದ್ದ ಅಜ್ಜಿ ಹೆದರಿ ಮನೆಗೆ ಹೊರಟೇ ಹೋದರಂತೆ. ನೋವೇನೂ ಒಂದೇ ದಿನಕ್ಕೆ ಹೋಗಲಿಲ್ಲ. ಹನ್ನೆರಡು ಸಲ ಹೋದೆ, ದಿನಾ ಚಾಪೆಯ ಮೇಲೆ ಬಿದ್ದು ಹೇಳಿದ ವ್ಯಾಯಾಮವನ್ನೆಲ್ಲ ಮಾಡಿದೆ.

ನಿನಗೆ ಹೇಳಬೇಕಾದದ್ದು ಮೊದಲ ದಿನದ ಮಾತು. ಡಾಕ್ಟರು ಹಿಮ್ಮಡಿಗಳನ್ನು ಜೋಡಿಸಿ ನೋಡಿ, ನಿಮ್ಮ ಸೊಂಟ ಓರೆಯಾಗಿದೆ, ಬಲಗಾಲು ಅರ್ಧ ಇಂಚು ಮೇಲಕ್ಕೆ ಎಳ್ಕೊಂಡಿದೆ, ತುಂಬಾ ವರ್ಷದ್ದು ಅಂದರು. ನಾನು ವಾದಕ್ಕಿಳಿದೆ. ಸೊಟ್ಟ ಇದ್ರೆ ಪ್ಯಾಂಟ್ ಒಂದು ಕಡೆ ನೆಲ ಗುಡಿಸ್ತಿರಲಿಲ್ವಾ, ನನ್ನ ಖಾಕಿ ಪ್ಯಾಂಟ್ ನೋಡಿ ಹೇಗೆ ಕೂತಿದೆ ಅಂದೆ. ಅವರು ಉಡಲು ಲುಂಗಿ ಕೊಟ್ಟು, ಅದನ್ನೇ ಬಿಚ್ಚಿಸಿ ಮೇಜಿನ ಮೇಲೆ ಹರಡಿ ಟೇಪು ಹಿಡಿದರು. ಬಲಗಾಲು ಅರ್ಧ ಇಂಚು ಗಿಡ್ಡ. ಇದನ್ನ ಹೊಲಿದವರು ನನಗಿಂತ ಮುಂಚೆ ಕಂಡುಹಿಡಿದಿದ್ದಾರೆ ಅಂತ ನಕ್ಕರು. ಅದು ನೀನು ಹೊಲಿದ ಪ್ಯಾಂಟ್.

ಅಳತೆ ತೆಗೆಯುವಾಗ ಬಾಗಿಲವರೆಗೆ ಎರಡು ಸಲ ನಡೆಸುತ್ತಿದ್ದೆಯಲ್ಲ, ಕಟ್ಟಿಕೊಂಡವನಿಗೂ ಎಂಥ ಪರೀಕ್ಷೆ ಅಂತ ನಾನು ರೇಗುತ್ತಿದ್ದೆ. ನೀನು ಹೋದ ಮೇಲೆ ಕೊಂಡ ರೆಡಿಮೇಡ್ ಪ್ಯಾಂಟುಗಳೆಲ್ಲ ಬಲ ಹಿಮ್ಮಡಿಗೆ ಸಿಕ್ಕಿ ಹರಿದವು. ಮೂರು ಅಂಗಡಿಯವರ ಜೊತೆ ಜಗಳವಾಡಿದೆ, ಪಾಪ.

ನಮ್ಮ ಕೊನೆಯ ಜಗಳದಲ್ಲಿ ನಾನು ಏನಂದೆ, ನೆನಪಿದೆಯಾ? ಇಪ್ಪತ್ತು ವರ್ಷದಲ್ಲಿ ನೀನು ನನ್ನನ್ನು ಒಂದು ದಿನವೂ ಸರಿಯಾಗಿ ನೋಡಿಲ್ಲ ಅಂದೆ. ನೀನು ಕತ್ತರಿ ಎತ್ತಿಕೊಂಡು ಹೊರಟೆ. ಕಾಲಿನ ವಿಷಯ ನೀನು ಹೇಳಿದ್ದರೂ ನಾನು ಕೇಳುವವನೇ? ಅದಕ್ಕೇ ನೀನು ಬಟ್ಟೆಯಲ್ಲೇ ಸರಿ ಮಾಡಿಕೊಂಡೆ. ಆ ಮಾತು ನನ್ನ ಜನ್ಮದ ದೊಡ್ಡ ತಪ್ಪು. ಕ್ಷಮಿಸು.

ಚೀಟಿ ಸಿಕ್ಕಿದೆ, ನಾಳೆಯಿಂದ ಬಸ್ಸಿಗೆ. ನೀನು ವಾಪಸು ಬರಬೇಕು ಅಂತ ಬರೆದದ್ದಲ್ಲ. ಚೆನ್ನಾಗಿ ನಿದ್ದೆ ಬರುತ್ತಿದೆ, ನನ್ನ ಅಡುಗೆಯೂ ತಿನ್ನುವ ಹಾಗಿದೆ.

ಇಂತಿ,
ಸೊಟ್ಟ ಸೊಂಟದ ಡ್ರೈವರು

ವಿ.ಸೂ.: ಆಫೀಸಿನ ಕುರ್ಚಿ ಯಾಕೆ ಬೇಡವೆಂದೆ ಅಂತ ಮ್ಯಾನೇಜರಿಗೂ ಹೇಳಿಲ್ಲ. ಕಾಯಿಲೆ ಬೀಳುವ ತನಕ ಒಂದೂವರೆ ವರ್ಷ ನಾನು ಓಡಿಸಿದ್ದು ನಿನ್ನ ಅಂಗಡಿ ಮುಂದಿನ ರೂಟು, ಕೇಳಿ ಹಾಕಿಸಿಕೊಂಡದ್ದು. ಅಲ್ಲಿನ ಸಿಗ್ನಲ್ ಕೆಂಪಾಗಲಿ ಅಂತ ದಿನಾ ಬಸ್ ನಿಧಾನ ಮಾಡುತ್ತಿದ್ದೆ. ನೀಲಿ ಫ್ರೇಮಿನ ಕನ್ನಡಕ ನಿನಗೆ ತುಂಬಾ ಒಪ್ಪುತ್ತದೆ. ನಾಳೆಯಿಂದ ಮತ್ತೆ ಅದೇ ರೂಟು, ಡ್ಯೂಟಿ ಎರಡು ಗಂಟೆಗೆ ಮುಗಿಯುತ್ತದೆ. ಆಮೇಲೆ ಬರಲೇ?