ಹಿಂದಿನ ಬಲಗಡೆಯ ಗೋಡೆ

ಐರೋಲಿ, ಸೆಕ್ಟರ್ ೮
೧೯ ಜನವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮ ರಿತೇಶ್,

ನಿನ್ನ ಸೊಂಟನೋವು ಈಗ ಹೇಗಿದೆ? ಎಂಜಿನ್ ರೂಮಿನ ಸೆಕೆಯಲ್ಲಿ ನಿಂತೂ ನಿಂತೂ ಅದು ಮತ್ತೆ ಹಿಡಿದುಕೊಂಡಿರಬಹುದೆಂದು ಅಮ್ಮನಿಗೆ ಚಿಂತೆ. ಒಂದು ಬಾಟಲಿ ಎಣ್ಣೆ ಕಟ್ಟಿಕೊಟ್ಟಿದ್ದಾಳೆ, ನಾಚಿಕೆ ಬಿಟ್ಟು ಹಚ್ಚಿಕೋ. ನಾವೆಲ್ಲ ಕ್ಷೇಮ. ನಿನ್ನ ಹಡಗು ಸೇರಲು ಹೊರಟಿರುವ ಕಲ್ಯಾಣದ ಮನೀಶ ಸಂಜೆ ಇಲ್ಲಿಗೆ ಬರುತ್ತಾನೆ, ಅವನ ಕೈಯಲ್ಲಿ ಈ ಪತ್ರ ಕೊಡುತ್ತೇನೆ. ವಾಟ್ಸಾಪಿನಲ್ಲಿ ತುಂಡು ತುಂಡಾಗಿ ಹೇಳುವ ಸಂಗತಿಯಲ್ಲ ಇದು.

ಅಪ್ಪನ ಹಾಲ್ ನಿನಗೆ ಗೊತ್ತೇ ಇದೆ. ಮುಂದೆ ಮೂರು ಸ್ಪೀಕರ್, ಹಿಂದೆ ಎರಡು, ಮೂಲೆಯಲ್ಲಿ ಆ ದಪ್ಪ ಪೆಟ್ಟಿಗೆ, ನಡುವೆ ಅವರ ಹೊರತು ಯಾರೂ ಕೂರಬಾರದ ಬೆತ್ತದ ಕುರ್ಚಿ. ಮೂವತ್ತು ವರ್ಷ ವಾಶಿಯ ಹೋಟೆಲಿನ ಗಲ್ಲಾದಲ್ಲಿ, ತಟ್ಟೆ ಲೋಟಗಳ ಗದ್ದಲದಲ್ಲಿ ಕೂತ ಮನುಷ್ಯ, ಎಲ್ಲೋ ವಿಯೆನ್ನಾದ ಸಭಾಂಗಣದಲ್ಲಿ ನಲವತ್ತು ಪಿಟೀಲು ಒಟ್ಟಿಗೆ ಏಳುವುದನ್ನು ಕೇಳಲು ಹೀಗೆ ಕಾದು ಕೂರುತ್ತಾರಲ್ಲ, ನನಗೆ ಚಿಕ್ಕಂದಿನಿಂದಲೂ ಅದೊಂದು ಬೆರಗು. ನೀನು ಬಂದರು ಬಂದರಿನಿಂದ ತಂದ ಡಿಸ್ಕುಗಳು ಈಗ ಮುನ್ನೂರು ದಾಟಿವೆ. ಒಂದೊಂದಕ್ಕೂ ಒಂದು ಕಾರ್ಡು, ಯಾವಾಗ ಕೇಳಿದ್ದು, ಎಲ್ಲಿ ನುಡಿಸಿದ್ದು ಎಂದು ಅವರ ದುಂಡು ಅಕ್ಷರದಲ್ಲಿ. "ವಾದ್ಯ ಎದುರಿಂದ ಬರ್ತದೆ ಮಗಾ, ಜಾಗ ಹಿಂದಿನಿಂದ ಬರ್ತದೆ" ಎಂದು ನಮಗೆ ಹೇಳುತ್ತಿದ್ದರಲ್ಲ, ಈಗಲೂ ಹೇಳುತ್ತಾರೆ.

ಡಿಸೆಂಬರ್ ಮೊದಲ ವಾರದ ಮಾತು. ನಮಗೆ ಜೋಳದ ರೊಟ್ಟಿ ಮಾಡಿಕೊಡುವ ಶರಣಬಸಮ್ಮ ಕೋಪರಖೈರಣೆಯಿಂದ ಬರುವಾಗ ತನ್ನ ಗಂಡನನ್ನೂ ಕರೆದುಕೊಂಡು ಬಂದಳು. ಶಂಕ್ರೆಪ್ಪ ಅಂತ, ಕಲಬುರಗಿ ಕಡೆಯವರು. ಮೂರು ವರ್ಷದ ಹಿಂದೆ ಕಟ್ಟಡದ ಕೆಲಸದಲ್ಲಿ ಸುಣ್ಣ ಸಿಡಿದು ಎರಡು ಕಣ್ಣೂ ಹೋದವು. "ಒಬ್ರನ್ನೇ ಬಿಟ್ಟು ಬರ್ಲಾಕ ಮನಸ್ಸಾಗ್ಲಿಲ್ರಿ ಅಕ್ಕಾರ, ಮೆಟ್ಟಿಲ ಮ್ಯಾಲ ಕುಂದ್ರತಾರ" ಎಂದಳು. ಅಪ್ಪ ಎದ್ದು ಹೋಗಿ ಅವರ ಕೈಹಿಡಿದು ಒಳಗೆ ಕರೆತಂದವರೇ ಬೆತ್ತದ ಕುರ್ಚಿಯಲ್ಲಿ ಕೂರಿಸಿದರು. ಅಮ್ಮ ನನ್ನ ಮುಖ ನೋಡಿದಳು. ಅಂದು ಹಾಕಿದ್ದ ಡಿಸ್ಕು ಮುಗಿಯುವವರೆಗೂ ಶಂಕ್ರೆಪ್ಪ ಅಲ್ಲಾಡಲಿಲ್ಲ. ಊರಲ್ಲಿ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಮುಂದಿನ ಭಾನುವಾರ ಅಪ್ಪ ತಾವೇ ಲೋಕಲ್ ರೈಲು ಹತ್ತಿ ಕೋಪರಖೈರಣೆಗೆ ಹೋಗಿ ಅವರನ್ನು ಕರೆತಂದರು. ಎಪ್ಪತ್ತೊಂದು ವರ್ಷದ ಅಪ್ಪ ಅವರ ಕೈಹಿಡಿದು ಸ್ಟೇಷನ್ನಿನ ಮೆಟ್ಟಿಲು ಇಳಿಸುತ್ತಿದ್ದುದನ್ನು ನಮ್ಮ ವಾಚ್‌ಮನ್ ನೋಡಿ ಬಂದು ಹೇಳಿದ.

ಮೂರನೆಯ ಸಲ ಬಂದಾಗ ಶಂಕ್ರೆಪ್ಪ ಅರ್ಧದಲ್ಲೇ ಕೈಯೆತ್ತಿದರು. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಈ ಸಭಾಕ್ಕ ಹಿಂದ ಬಲಗಡಿ ಗ್ವಾಡಿನೇ ಇಲ್ಲಲ್ರಿ. ಆ ಕಡಿ ಹೋದ ದನಿ ತಿರುಗಿ ಬರವಲ್ದು." ಅಪ್ಪ ನಕ್ಕರು, ಎಲ್ಲ ಸರಿ ಉಂಟು ಎಂದರು. ನಾನು ಎದ್ದು ಹಿಂದಿನ ಬಲಗಡೆಯ ಸ್ಪೀಕರಿಗೆ ಕಿವಿಯಿಟ್ಟೆ. ಸದ್ದೇ ಇಲ್ಲ. ದೀಪಾವಳಿಗೆ ಬಣ್ಣ ಹೊಡೆಯುವಾಗ ಕಪಾಟು ಸರಿಸಿದ್ದೆವಲ್ಲ, ಆಗ ವೈರು ಕಿತ್ತುಬಂದಿತ್ತು. ಅಲ್ಲಿಂದ ಒಂದೂವರೆ ತಿಂಗಳು ಅಪ್ಪ ದಿನವೂ ಅದೇ ಕುರ್ಚಿಯಲ್ಲಿ ಕೂತಿದ್ದರು, ಕಾರ್ಡು ಬರೆದಿದ್ದರು.

ಅಮ್ಮ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಳು. ಕೊನೆಗೆ ಅಪ್ಪ, ನಮಗಲ್ಲ, ಶಂಕ್ರೆಪ್ಪನವರಿಗೇ ಹೇಳಿದರು: "ನಂಗೆ ಆ ಬದಿಯ ಕಿವಿ ಇಲ್ಲ ಮಾರಾಯ. ಎರಡು ವರ್ಷ ಆಯ್ತು." ಎರಡು ವರ್ಷ, ರಿತೇಶ್. ಒಂದೇ ಮನೆಯಲ್ಲಿದ್ದೂ ನಮಗೆ ಯಾರಿಗೂ ತಿಳಿಯಲಿಲ್ಲ. ನನಗೆ ಅಳು ಬಂತು. ಶಂಕ್ರೆಪ್ಪನವರು ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತು, "ಹಂಗಾದ್ರ ನಾ ಕೇಳ್ತೀನ್ರಿ, ನೀವು ಸರಸ್ರಿ" ಎಂದರು.

ಅಂದು ಮಧ್ಯಾಹ್ನವಿಡೀ ಅದೇ ಕೆಲಸ. ನಾನು ವೈರು ಜೋಡಿಸಿದೆ. ಅಪ್ಪ ಮೊಣಕಾಲೂರಿ ಸ್ಪೀಕರನ್ನು ಬೆರಳಗಲ ಬೆರಳಗಲ ಸರಿಸುತ್ತಿದ್ದರು, ಶಂಕ್ರೆಪ್ಪನವರು "ಇನ್ನಟು ಹಿಂದ... ಹ್ಞಾಂ, ಈಗ ಗ್ವಾಡಿ ಬಂತ್ರಿ" ಎನ್ನುತ್ತಿದ್ದರು. ಆಮೇಲೆ ಪೂರ್ತಿ ಒಂದು ಡಿಸ್ಕು ಹಾಕಿದೆವು. ಅಪ್ಪ ಬಲಗಡೆಯ ಆ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು, ಎಡಗಿವಿಯನ್ನು ಕೋಣೆಗೆ ಕೊಟ್ಟು ನಿಂತಿದ್ದರು. ತನಗೆ ಸಿಗದ್ದು ಇನ್ನೊಬ್ಬನಿಗೆ ಸರಿಯಾಗಿ ತಲುಪುತ್ತಿದೆ ಎಂದು ಅಷ್ಟೊಂದು ಸಂತೋಷಪಡುವ ಮುಖವನ್ನು ನಾನು ಕಂಡದ್ದು ಅಂದೇ. ಈಗ ಕುರ್ಚಿ ಶಂಕ್ರೆಪ್ಪನವರದು. ಅಪ್ಪನಿಗೆ ಪಕ್ಕದ ಸ್ಟೂಲು. ಕಾರ್ಡಿನಲ್ಲಿ ಅಪ್ಪ ಬರೆಯುವುದು ಶಂಕ್ರೆಪ್ಪನವರು ಹೇಳಿದ್ದನ್ನು: "ಎಡಗಡೆ ಯಾರೋ ಹಾಳೆ ತಿರುವಿದರು", "ಈ ಸಭೆಯ ಚಾವಣಿ ಮರದ್ದು". ಕಿವಿಯ ಡಾಕ್ಟರ ಹತ್ತಿರವೂ ಮೊನ್ನೆ ಹೋಗಿ ಬಂದೆವು. ಬಲಗಿವಿ ತಿರುಗಿ ಬರುವುದಿಲ್ಲ, ಎಡಗಿವಿ ಗಟ್ಟಿಯಾಗಿದೆ ಎಂದರು.

ಅಮ್ಮನ ಆಶೀರ್ವಾದ ನಿನ್ನ ಮೇಲೆ ಸದಾ ಇದೆ. ನಿನ್ನನ್ನು ನೋಡದ ಶಂಕ್ರೆಪ್ಪನವರೂ ಶರಣು ತಿಳಿಸಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಪ್ರಣೀತಾ

ತಾ.ಕ.: ಮನೀಶ ಬಂದು ಕೂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ನೀನು ಫೋನ್ ಮಾಡಿ, ಡೊಂಬಿವಲಿಯ ಸಂಜನಾಳನ್ನು ಮದುವೆಯಾಗುತ್ತೇನೆಂದು ಹೇಳಿದಾಗ ಅಪ್ಪ "ಆಯ್ತು, ಇಡ್ತೇನೆ" ಎಂದು ಇಟ್ಟುಬಿಟ್ಟರಲ್ಲ. ಮರಾಠಿ ಹುಡುಗಿ ಬೇಡವೆಂದೇ ಹಾಗೆ ಮಾಡಿದರೆಂದು ನೀನು ಅಂದಿನಿಂದ ಅವರ ಹತ್ತಿರ ಮಾತು ಬಿಟ್ಟಿದ್ದೀಯ. ನಾನೂ ಹಾಗೇ ನಂಬಿ ಅವರೆದುರು ಆ ಮಾತನ್ನೇ ಎತ್ತಿರಲಿಲ್ಲ. ನಮ್ಮೆದುರು ಗುಟ್ಟು ಬಯಲಾಗಬಾರದೆಂದು ಅವರು ಫೋನನ್ನು ಹಳೆಯ ಅಭ್ಯಾಸದಂತೆ ಬಲಗಿವಿಗೇ ಹಿಡಿಯುತ್ತಿದ್ದರು. ನೀನು ಹೇಳಿದ ಒಂದು ಮಾತೂ ಅವರಿಗೆ ಕೇಳಿಲ್ಲ. ಆ ದಿನ ನೀನು ಏನು ಹೇಳಿದೆಯೆಂದು ನಿನ್ನೆ ವಿಚಾರಿಸಿದರೆ, "ಏನೋ ಸೆಕೆ ಅಂತ ಹೇಳಿರ್ಬೇಕು ಪಾಪ, ಆಮೇಲೆ ಫೋನೇ ಇಲ್ಲ" ಎಂದರು. ನಾನು ಹೇಳುವುದಿಲ್ಲ. ನೀನೇ ಅವರಿಗೆ ಬರೆ, ದೊಡ್ಡ ಅಕ್ಷರದಲ್ಲಿ.