ಗುರಪಾದಪ್ಪಜ್ಜನ ಒಡ್ಡು

ಬಾರದ ಹಸ್ತ ಮಳೆಯ ಮೂರನೆಯ ಪಾದ,
ಒಂಬತ್ತನೆಯ ಒಣಸುತ್ತಿನ ಐದನೆಯ ವರ್ಷ.

ನನ್ನ ಮುತ್ತಜ್ಜನ ಮುತ್ತಜ್ಜ ಗುರಪಾದಪ್ಪನವರಿಗೆ ನಿಮ್ಮ ವಂಶದ ಬಂಗಾರೆವ್ವನ ಶರಣು. ಮೇಲಿನ ತಾರೀಖು ಹುಚ್ಚಾಟವಾಗಿ ಕಂಡರೆ ಕ್ಷಮಿಸಬೇಕು. ಬಂದ ಮಳೆ ಎಣಿಸಲು ನಮಗೆ ಒಂದು ಕೈಯ ಬೆರಳು ಸಾಕು. ಅದಕ್ಕೇ ಬಾರದವುಗಳ ಲೆಕ್ಕದಲ್ಲಿ ದಿನ ಹೇಳುತ್ತೇವೆ. ಕಡಲು ಕಾದಾಗ ಹತ್ತಾರು ವರ್ಷ ಮಳೆ ಮುನಿಯುತ್ತದೆ, ಅದು ಒಣಸುತ್ತು. ಆಮೇಲೆ ಬರುವ ಹಸಿಸುತ್ತು ಮಣ್ಣನ್ನೇ ಹೊತ್ತೊಯ್ಯುತ್ತದೆ.

ನಾನು ಊರಿನ ಹಸಿಗಾರ್ತಿ. ಅಂದರೆ, ಬಿತ್ತುವ ಮುನ್ನ ಎರೆಹೊಲದಲ್ಲಿ ಕುಣಿ ತೋಡಿ, ತಳದ ಮಣ್ಣನ್ನು ಉಂಡೆ ಕಟ್ಟಿ ತೇವ ನೋಡುವವಳು. ಮೊಣಕೈ ಆಳದಲ್ಲಿ ಉಂಡೆ ನಿಂತರೆ ಬಿಳಿಜೋಳ ಆ ಹಸಿಯನ್ನೇ ಕುಡಿದು, ಮತ್ತೊಂದು ಮಳೆಯಿಲ್ಲದೆ ತೆನೆ ಹಿಡಿಯುತ್ತದೆ. ಉದುರಿದರೆ ಬೀಜವೂ ಹೋಯಿತು. ಈಗ ಊರಿಗೆಲ್ಲ ಒಂದೇ ಹೊಲಕ್ಕಾಗುವಷ್ಟು ಬೀಜ ಉಳಿದಿದೆ. ಬಿತ್ತಿದ ಹೊಲದವರಿಗೆ ಬೆಳೆಯಲ್ಲಿ ಅರ್ಧ, ಊರಿಗೆ ಅರ್ಧ. ಯಾವ ಹೊಲವೆಂದು ನಾಳೆ ನಾನು ಹೇಳಬೇಕು.

ಹೊಟ್ಟೆಕಿಚ್ಚು ಮುಚ್ಚಿಡುವವಳಲ್ಲ ನಾನು. ಎಳ್ಳಮಾವಾಸ್ಯೆಗೆ ನೀವು ರೊಟ್ಟಿ, ಕಡುಬು, ಪಲ್ಯ ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಿದ್ದಿರಂತೆ. ಚೆಲ್ಲುತ್ತಿದ್ದಿರಂತೆ! ನಾವು ಒಂದು ಹಿಡಿ ಹೊಟ್ಟು ತೂರಿ ಭೂಮಿತಾಯಿಯ ಕ್ಷಮೆ ಕೇಳುತ್ತೇವೆ. ಎಳೆ ತೆನೆಯ ಸೀತನಿ ಸುಟ್ಟು, ಬಿಸಿಬಿಸಿ ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯೆಂದು ಗೊಣಗುತ್ತಿದ್ದಿರಂತೆ. ಆ ಬಾಯಿಗೆ ಏನು ಹೇಳಲಿ?

ಅದಕ್ಕಿಂತ ಉರಿಯುವುದು ಪಕ್ಕದ ಹೊಲದ ಕಸ್ತೂರೆವ್ವನ ಮೇಲೆ. ಮಳೆನೀರು ತಡೆಯುವ ಒಡ್ಡನ್ನು ಅವಳ ಹಿರಿಯರು ಉಳಿಸಿಕೊಂಡರು. ನೀವು ಇನ್ನೆರಡು ಸಾಲು ಜೋಳದ ಆಸೆಗೆ ನಮ್ಮದನ್ನು ಕಡಿದು ಹೊಲಕ್ಕೆ ಸೇರಿಸಿದಿರಿ. ಅಂದಿನಿಂದ ನಮ್ಮ ನೀರು, ಅದರ ಬೆನ್ನುಹತ್ತಿ ನಮ್ಮ ಮಣ್ಣು, ಎರಡೂ ಹಳ್ಳದ ಪಾಲು. ಶ್ರಾವಣದಲ್ಲಿ ಇಬ್ಬರ ಹೊಲಕ್ಕೂ ಬಿದ್ದದ್ದು ಒಂದೇ ಮಳೆ. ಇವತ್ತು ಅವಳ ಕುಣಿಯಲ್ಲಿ ಉಂಡೆ ನಿಂತಿತು, ನಮ್ಮದರಲ್ಲಿ ಬೂದಿಯ ಹಾಗೆ ಉದುರಿತು. ಪಕ್ಕದಲ್ಲೇ ಕೂತಿದ್ದ ಅವಳು, "ನಿಮ್ಮ ಹೊಲಾ ಅಂತ ಹೇಳಿದ್ರೂ ನಾ ಏನೂ ಅನ್ನಂಗಿಲ್ಲ ಬೇ" ಅಂದಳು. ಮೈಯೆಲ್ಲ ಉರಿಯಿತು. ಹಸಿ ಇದ್ದವರಿಗೆ ದೊಡ್ಡ ಮನಸ್ಸು ಸುಲಭ.

ನಾಳೆ ಅವಳ ಹೊಲವನ್ನೇ ಹೇಳುತ್ತೇನೆ, ಹಲ್ಲು ಕಚ್ಚಿಕೊಂಡು. ಸುಳ್ಳು ಹೇಳಿದರೆ ಊರಿನ ಬೀಜ ಸಾಯುತ್ತದೆ. ಈ ಕಾಗದ ಮುಟ್ಟುವಾಗ ನೀವು ಗುದ್ದಲಿ ಹಿಡಿದು ಒಡ್ಡಿನ ಮೇಲೆ ನಿಂತಿದ್ದರೆ, ಇಳಿದು ಮನೆಗೆ ಹೋಗಿ, ಅಜ್ಜಾ. ಆ ಎರಡು ಸಾಲು ಜೋಳ ಬಿಟ್ಟುಬಿಡಿ. ಒಂದು ಸಲವಾದರೂ ಕಸ್ತೂರೆವ್ವ ನನ್ನನ್ನು ನೋಡಿ ಹೊಟ್ಟೆಕಿಚ್ಚು ಪಡಲಿ.