ಒಡೆದದ್ದು ಹದಿನೇಳು

ನವೆಂಬರ್ 3, ಬೆಳಿಗ್ಗೆ 9
ಟೆಸ್ಟ್ ಟ್ಯೂಬ್ ತೊಳೆದಾಯಿತು. ಬರ್ನರ್ ಎರಡು ಕೆಟ್ಟಿವೆ. ಹನ್ನೆರಡನೇ ಕ್ಲಾಸಿನ ಗಡಿಬಿಡಿ ಬಂದಳು — ನಾನಿಟ್ಟ ಹೆಸರು. ಅವಳ ಕೈಗೆ ಸಿಕ್ಕ ಗಾಜು ಉಳಿದದ್ದಿಲ್ಲ. ಕಾಲೇಜಿನ ಫಾರ್ಮ್ ಮುಂದೆ ಹಿಡಿದಳು.
"ಅಂಕಲ್, ನನ್ ಬಗ್ಗೆ ಒಂದು ಪತ್ರ ಬರ್ಕೊಡಿ."
"ನಾನು ಲ್ಯಾಬ್ ಅಟೆಂಡರ್ ಕಣಮ್ಮಾ. ಮೇಷ್ಟ್ರನ್ನ ಕೇಳು."
"ಮೇಷ್ಟ್ರದ್ದು ಆಯ್ತು. ಇನ್ನೊಂದು, ನಾನು ಕೆಲಸ ಮಾಡೋದನ್ನ ನೋಡಿರೋರು ಬರೀಬೇಕಂತೆ. ದಿನಾ ನೋಡಿರೋದು ನೀವೇ ಅಲ್ವಾ?"
ನೋಡಿದ್ದೇನೆ. ನೋಡಿ ನೋಡಿ ಬಿಪಿ ಬಂದಿದೆ. ಆದರೂ ಹೂಂ ಅಂದುಬಿಟ್ಟೆ.

ನವೆಂಬರ್ 5
ಮಾರ್ಕ್ಸ್, ಆಟ, ಭಾಷಣ, ಸಮಾಜಸೇವೆ... ಈ ಕಾಲೇಜಿನವರಿಗೆ ಏನೆಲ್ಲ ಬೇಕು! ಇವಳದು ಸಾಧಾರಣ ಮಾರ್ಕ್ಸ್. ಕಪ್ಪಿಲ್ಲ, ಮೆಡಲಿಲ್ಲ. ಉಳಿದವರು ಮೈದಾನಕ್ಕೆ ಓಡಿದರೆ ಇವಳು ಇಲ್ಲಿ, ಲ್ಯಾಬಿನಲ್ಲಿ. ಅಂದರೆ ಸೀಟಿನ ಭಾರವೆಲ್ಲ ಪತ್ರದ ಮೇಲೆ. ನನ್ನ ಪತ್ರದ ಮೇಲೆ!
ಕೊನೆಯ ಪ್ರಶ್ನೆ: ಈ ವಿದ್ಯಾರ್ಥಿಯ ದೌರ್ಬಲ್ಯವೇನು?

ನವೆಂಬರ್ 6
ಒಡೆದ ಸಾಮಾನಿನ ಪುಸ್ತಕ ತೆಗೆದೆ. ಎರಡು ವರ್ಷದಲ್ಲಿ ಹದಿನೇಳು ಸಲ ಅವಳ ಸಹಿ. ಮಿಕ್ಕ ಕ್ಲಾಸೆಲ್ಲ ಸೇರಿ ಮೂರು. ಮಿಕ್ಕವರ ಕೈಯಲ್ಲಿ ಏನೂ ಒಡೆಯುವುದಿಲ್ಲವೇ? ಸಿಂಕಿನ ಕೆಳಗೆ ಬಚ್ಚಿಟ್ಟ ಚೂರು ಗುಡಿಸುವವನು ನಾನು.
ಬರೆದೆ: 'ಹದಿನೇಳು ಒಡೆದಿದ್ದಾಳೆ. ಹದಿನೇಳನ್ನೂ ತಾನೇ ಬಂದು ಹೇಳಿದ್ದಾಳೆ. ಚೂರು ಗುಡಿಸಿ, ಅದೇ ಪ್ರಯೋಗವನ್ನು ಮೊದಲಿಂದ ಮಾಡಿದ್ದಾಳೆ.'
ಕೆಮಿಸ್ಟ್ರಿ ಮೇಷ್ಟ್ರು ಇಣುಕಿದರು. "ತಲೆ ಕೆಟ್ಟಿದೆಯಾ? ಹುಡುಗಿ ಸೀಟು ಹೋಗುತ್ತೆ. ಅದನ್ನ ಹೊಡೆದುಹಾಕಿ."
ಹೊಡೆದುಹಾಕಲಿಲ್ಲ. ಕಳಿಸಿಬಿಟ್ಟೆ.

ನವೆಂಬರ್ 7
ಯಾಕೆ ಕಳಿಸಿದೆನೋ. ದೊಡ್ಡ ಸತ್ಯಹರಿಶ್ಚಂದ್ರ ನಾನು.

ಜನವರಿ 19
ಇಷ್ಟು ದಿನ ಈ ಡೈರಿ ಮುಟ್ಟಲು ಮನಸ್ಸಾಗಲಿಲ್ಲ. ಗಡಿಬಿಡಿ ಇಂಟರ್‌ವ್ಯೂ ಮುಗಿಸಿ ಬಂದಳು. ಮುಖ ನೋಡಲು ಧೈರ್ಯವಿಲ್ಲ. ಫ್ಯಾನ್ ನೋಡುತ್ತ ಕೇಳಿದೆ.
"ಮಾರ್ಕ್ಸ್ ವಿಷಯ ಎತ್ತಲೇ ಇಲ್ಲ ಅಂಕಲ್. ಹದಿನೇಳನೇದು ಹೇಗೆ ಒಡೀತು ಅಂದ್ರು. ಅರ್ಧ ಗಂಟೆ ಅದೇ ಮಾತು!"
"ನಕ್ಕರಾ?"
"ಒಬ್ರು ನಕ್ಕರು. ಇನ್ನೊಬ್ರು ಬರ್ಕೊಂಡ್ರು."
ಏನು ಬರೆದುಕೊಂಡರೋ.

ಮಾರ್ಚ್ 2, ಮಧ್ಯಾಹ್ನ 12
ಸೀಟು ಸಿಕ್ಕಿತು! ಕಾರಿಡಾರಿನ ಆ ತುದಿಯಿಂದಲೇ ಕೂಗಿಕೊಂಡು ಬಂದಳು. ಸ್ವಂತ ಮಗಳಿಗೆ ಸಿಕ್ಕಿದಷ್ಟು ಸಂತೋಷ. ಎರಡು ವರ್ಷ ಬೈದದ್ದೆಲ್ಲ ನೆನಪಾಗಿ ನಾಚಿಕೆಯೂ ಆಯಿತು. ಬೈದದ್ದರಲ್ಲಿ ಅರ್ಧ ವಾಪಸ್ ತೆಗೆದುಕೊಂಡೆ ಅಂದೆ. ಪೂರ್ತಿ ಯಾಕೆ ಬಿಡಲಿ?

ಮಾರ್ಚ್ 2, 3:30
ಶಾಲೆಗೆಲ್ಲ ಸುದ್ದಿ. ಕೆಮಿಸ್ಟ್ರಿ ಮೇಷ್ಟ್ರು ಬಂದರು. ಬಾಗಿಲು ಮುಂದೆ ಮಾಡಿದರು. ಕುರ್ಚಿ ಕೊಟ್ಟೆ, ಕೂರಲಿಲ್ಲ.
"ಆ ಪುಸ್ತಕ ಇದೆಯಲ್ಲ... ಅದರಲ್ಲಿ ಮೇಷ್ಟ್ರುಗಳೂ ಬರೀಬಹುದಾ?"
"ಯಾವಾಗಿನದು ಸರ್?"
"ಹೋದ ವರ್ಷದ್ದು. ಆ ದೊಡ್ಡ ಫ್ಲಾಸ್ಕು..."
ಪುಸ್ತಕ ಕೊಟ್ಟೆ. ಖಾಲಿ ಸಾಲು ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಗೀಚುತ್ತಿದ್ದೇನೆ. ಈಗ ಪೆನ್ನು ಬೇಕಂತೆ. ನನ್ನ ಹತ್ತಿರ ಇರುವುದು ಇದೊಂ